ದುಡ್ಡಿದ್ದರೂ ಕೊಡಲಿಲ್ಲ: ಬ್ಲ್ಯಾಕ್‌ಮೇಲ್ ಮಾಡಿದವನನ್ನು ಸುಸಾನೆ ಕ್ಲಾಟನ್ ಜೈಲಿಗೆ ಕಳಿಸಿದ್ದು ಹೇಗೆ?

2007ರ ಕೊನೆಯ ತಿಂಗಳುಗಳು. ಜರ್ಮನಿಯ ಅತಿ ಶ್ರೀಮಂತ ಮಹಿಳೆಗೆ ಒಂದು ಬೇಡಿಕೆ ಬಂತು. 49 ಮಿಲಿಯನ್ ಯೂರೋ ಕೊಡಬೇಕು. ಇಲ್ಲದಿದ್ದರೆ ಹೋಟೆಲ್ ಕೋಣೆಯಲ್ಲಿ ಗುಟ್ಟಾಗಿ ತೆಗೆದ ವಿಡಿಯೊ ಗಂಡನ ಕೈಗೆ, ಪತ್ರಿಕೆಗಳಿಗೆ, ಕಂಪನಿಯ ಮೇಲ್ವಿಚಾರಣಾ ಮಂಡಳಿಗೆ ಹೋಗುತ್ತದೆ. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 280 ಕೋಟಿ ರೂಪಾಯಿ. ಆಮೇಲೆ ಬೇಡಿಕೆ 14 ಮಿಲಿಯನ್ ಯೂರೋಗೆ, ಅಂದರೆ ಸುಮಾರು 80 ಕೋಟಿಗೆ ಇಳಿಯಿತು.

ಆ ಮಹಿಳೆ ಸುಸಾನೆ ಕ್ಲಾಟನ್. ಬಿಎಂಡಬ್ಲ್ಯು ಕಂಪನಿಯಲ್ಲಿ ಆಗ ಅವರ ಪಾಲು ಶೇ 12.5. ಅಷ್ಟು ಆಸ್ತಿ ಇರುವವರಿಗೆ 80 ಕೋಟಿ ಏನೂ ಕೈಗೆ ಸಿಗದ ಮೊತ್ತ ಅಲ್ಲ. ಗಂಡ, ಮೂವರು ಮಕ್ಕಳು, ಮನೆತನದ ಹೆಸರು, ಎಲ್ಲವೂ ಅಪಾಯದಲ್ಲಿದ್ದವು. ನಮ್ಮಲ್ಲಿ ಯಾರನ್ನು ಕೇಳಿದ್ದರೂ "ಸುಮ್ನೆ ಬಿಸಾಕಿ ಮುಗಿಸಿಬಿಡಿ" ಅಂತಲೇ ಹೇಳುತ್ತಿದ್ದರೇನೋ. ಕ್ಲಾಟನ್ ಪೊಲೀಸರ ಬಳಿ ಹೋದರು. 2008ರ ಜನವರಿ 14ರಂದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಫೋಂಪ್ ಎಂಬಲ್ಲಿ, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಆ ಮನುಷ್ಯ ಸಿಕ್ಕಿಬಿದ್ದ.

ಇದನ್ನು ಧೈರ್ಯ ಎಂದು ಹೊಗಳಿ ಮುಂದೆ ಹೋಗಬಹುದು. ಧೈರ್ಯವಂತೂ ಹೌದು. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಬೇರೆ ವಿಷಯ. ಬರೀ ಲಾಭ ನಷ್ಟದ ಲೆಕ್ಕ ಹಾಕಿದರೂ ಅವರ ನಿರ್ಧಾರವೇ ಸರಿ. ಅದು ಯಾಕೆ ಎಂದು ತಿಳಿಯಬೇಕಾದರೆ ಬ್ಲ್ಯಾಕ್‌ಮೇಲ್ ಎಂಬ ವ್ಯವಹಾರವನ್ನು ಒಂದೊಂದೇ ಎಳೆಯಾಗಿ ಬಿಡಿಸಿ ನೋಡಬೇಕು.

ಹೆಸರು ಮುಚ್ಚಿಟ್ಟು ಬದುಕಿದವರು

ಸುಸಾನೆ ಹುಟ್ಟಿದ್ದು 1962ರಲ್ಲಿ, ಫ್ರಾಂಕ್‌ಫರ್ಟ್ ಹತ್ತಿರದ ಬಾಟ್ ಹೊಂಬುರ್ಗ್‌ನಲ್ಲಿ. ತಂದೆ ಹೆರ್ಬರ್ಟ್ ಕ್ವಾಂಟ್. 1959ರಲ್ಲಿ ಬಿಎಂಡಬ್ಲ್ಯು ಮುಳುಗುವ ಹಂತಕ್ಕೆ ಬಂದು, ಅದನ್ನು ಡೈಮ್ಲರ್-ಬೆಂಜ್‌ಗೆ ಒಪ್ಪಿಸುವ ಮಾತು ನಡೆದಿತ್ತು. ಆಗ ಕೈಯಿಂದ ಇನ್ನಷ್ಟು ಹಣ ಹಾಕಿ ಕಂಪನಿಯನ್ನು ಉಳಿಸಿಕೊಂಡವರು ಅವರೇ. 1982ರಲ್ಲಿ ಅವರು ತೀರಿಕೊಂಡಾಗ ಮಗಳಿಗೆ 20 ವರ್ಷ. ಬಿಎಂಡಬ್ಲ್ಯು ಷೇರುಗಳ ಜೊತೆಗೆ ಆಲ್ಟಾನ ಎಂಬ ಔಷಧ ಮತ್ತು ರಾಸಾಯನಿಕ ಕಂಪನಿಯ ಶೇ 50.1 ಪಾಲೂ ಆಕೆಯ ಹೆಸರಿಗೆ ಬಂತು.

ಅಪ್ಪನ ಆಸ್ತಿ ಬಂತು, ಅಷ್ಟಕ್ಕೇ ನಿಂತಿತು ಎನ್ನುವ ಹಾಗಿಲ್ಲ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ನಲ್ಲಿ ವ್ಯವಹಾರ ಶಾಸ್ತ್ರ ಓದಿದರು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಎಂಬಿಎ ಮಾಡಿದರು. 1997ರಿಂದ ಬಿಎಂಡಬ್ಲ್ಯು ಮೇಲ್ವಿಚಾರಣಾ ಮಂಡಳಿಯಲ್ಲಿ ಕೂತರು. ಆಲ್ಟಾನ ತನ್ನ ಔಷಧ ವಿಭಾಗವನ್ನು 4.6 ಬಿಲಿಯನ್ ಯೂರೋಗೆ ಮಾರಿ ರಾಸಾಯನಿಕಗಳ ಕಡೆ ಪೂರ್ತಿ ತಿರುಗಿದ್ದು ಇವರು ಅದರ ಮುಖ್ಯ ಒಡತಿಯಾಗಿದ್ದ ಕಾಲದಲ್ಲೇ.

ಆದರೆ ಈ ಕತೆಗೆ ಬೇಕಾದ ವಿವರ ಇನ್ನೊಂದಿದೆ. 1978ರಲ್ಲಿ, ಅವರಿಗೆ 16 ವರ್ಷವಿದ್ದಾಗ, ಅವರನ್ನೂ ತಾಯಿ ಯೊಹಾನಾ ಅವರನ್ನೂ ಅಪಹರಿಸುವ ಸಂಚೊಂದನ್ನು ಪೊಲೀಸರು ಮುರಿದಿದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಜರ್ಮನಿಯಲ್ಲಿ ಎಡಪಂಥೀಯ ಉಗ್ರರು ಉದ್ಯಮಿಗಳ ಒಕ್ಕೂಟದ ಅಧ್ಯಕ್ಷ ಹಾನ್ಸ್ ಮಾರ್ಟಿನ್ ಶ್ಲೈಯರ್ ಅವರನ್ನು ಅಪಹರಿಸಿ ಕೊಂದಿದ್ದರು. ಸಿರಿವಂತ ಮನೆಯ ಮಕ್ಕಳು ಹೆಸರು ಹೇಳಿಕೊಳ್ಳಲೂ ಹೆದರುವ ಕಾಲ ಅದು. ಸುಸಾನೆ ತಮ್ಮದೇ ಕುಟುಂಬದ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹೋದಾಗಲೂ ಸುಸಾನೆ ಕಾಂಟ್ ಎಂಬ ಬೇರೆ ಹೆಸರು ಇಟ್ಟುಕೊಂಡಿದ್ದರು. ಮುಂದೆ ಗಂಡನಾದ ಎಂಜಿನಿಯರ್ ಯಾನ್ ಕ್ಲಾಟನ್ ಪರಿಚಯವಾದದ್ದು ಅಲ್ಲೇ. ತಾನು ಯಾರು ಎಂದು ಅವರಿಗೂ ಎಷ್ಟೋ ಕಾಲ ಹೇಳಿರಲಿಲ್ಲ.

ಅಂದರೆ ಜನರ ಕಣ್ಣಿಗೆ ಬೀಳದೆ ಬದುಕುವುದು ಈ ಹೆಂಗಸಿಗೆ ಹದಿಹರೆಯದಿಂದಲೇ ಅಭ್ಯಾಸ. ಸಂದರ್ಶನ ಕೊಡುವುದೂ ಅಪರೂಪ. ಇಂಥವರಿಗೆ ಬಯಲಾಗುವ ಭಯ ಎಷ್ಟಿರುತ್ತದೆ ಎಂದು ಹೊರಗಿನವರು ಸುಲಭವಾಗಿ ಅಂದಾಜು ಮಾಡಬಹುದು. ಒಬ್ಬ ಮಾಡಿದ.

ಮೊದಲ 7 ಮಿಲಿಯನ್

ಹೆಲ್ಗ್ ಸ್ಗಾರ್ಬಿ ಸ್ವಿಟ್ಜರ್ಲೆಂಡಿನವನು. ಮೊದಲು ಕ್ರೆಡಿಟ್ ಸ್ವಿಸ್ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ. ಹಲವು ಭಾಷೆ ಬಲ್ಲ, ಒಳ್ಳೆ ಬಟ್ಟೆ ತೊಡುವ, ಮೆಲುದನಿಯ ಮನುಷ್ಯ. 2007ರ ಜುಲೈನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ಹತ್ತಿರದ ಲಾನ್ಸರ್‌ಹೋಫ್ ಎಂಬ ಆರೋಗ್ಯಧಾಮದಲ್ಲಿ ಕ್ಲಾಟನ್‌ಗೆ ಪರಿಚಯವಾದ. ಜಗತ್ತಿನ ಗಲಭೆ ಪೀಡಿತ ಪ್ರದೇಶಗಳಿಗೆ ಹೋಗುವ ಸ್ವಿಸ್ ಸರ್ಕಾರದ ವಿಶೇಷ ಪ್ರತಿನಿಧಿ ಎಂದು ಹೇಳಿಕೊಂಡ.

ಜಾಗದ ಆಯ್ಕೆಯನ್ನೇ ನೋಡಿ. ಇಂಥ ಕಡೆ ಶ್ರೀಮಂತರು ಎಷ್ಟೋ ಸಲ ಒಬ್ಬರೇ ಬರುತ್ತಾರೆ. ಸಂಸಾರ ದೂರ, ಕಚೇರಿ ದೂರ, ದಿನವೆಲ್ಲ ಬಿಡುವು. ಮಾತಾಡಿಸುವವರು ಸಿಕ್ಕರೆ ಸಾಕು ಅನ್ನಿಸುವ ವಾತಾವರಣ. ಇನ್ನು ಮುಖ್ಯ ದ್ವಾರದಿಂದ ಒಳಗೆ ಬಂದವರೆಲ್ಲ ನಮ್ಮಂಥವರೇ ಎಂಬ ನಂಬಿಕೆ ಬೇರೆ. ಅವನು ಪೋಲಿ ಮಾತಾಡುತ್ತ ಮೇಲೆ ಬೀಳಲಿಲ್ಲ. ಆಕರ್ಷಕ, ಗಮನವಿಟ್ಟು ಕೇಳುವ, ಒಳಗೊಳಗೇ ನೊಂದ ಮನುಷ್ಯನ ಹಾಗೆ ಕಂಡ ಎಂದು ಕ್ಲಾಟನ್ ಮುಂದೆ ಹೇಳಿದರು. ಆಗಸ್ಟ್ ಹೊತ್ತಿಗೆ ಮ್ಯೂನಿಕ್‌ನ ಹೋಟೆಲೊಂದರಲ್ಲಿ ಇಬ್ಬರೂ ಭೇಟಿಯಾದರು. ವಿಡಿಯೊ ತಯಾರಾದದ್ದು ಆಗಲೇ. ಆದರೆ ಅದನ್ನು ಅವನು ಕೂಡಲೇ ಹೊರಗೆ ತೆಗೆಯಲಿಲ್ಲ.

ಮೊದಲು ಒಂದು ಕತೆ ಕಟ್ಟಿದ. ಅಮೆರಿಕದಲ್ಲಿ ತನ್ನ ಕಾರಿಗೆ ಸಿಕ್ಕು ಒಂದು ಮಗುವಿಗೆ ಗಂಭೀರ ಪೆಟ್ಟಾಗಿದೆ. ಆ ಮಗು ಮಾಫಿಯಾ ಕುಟುಂಬದ್ದು. 10 ಮಿಲಿಯನ್ ಯೂರೋ ಕೇಳುತ್ತಿದ್ದಾರೆ. ತನ್ನ ಬಳಿ 3 ಮಿಲಿಯನ್ ಇದೆ, ಇನ್ನೂ 7 ಮಿಲಿಯನ್ ಬೇಕು.

ಓದಲು ಸಿನಿಮಾ ಕತೆ ಅನ್ನಿಸುತ್ತದೆ, ಅಲ್ವಾ? ಆದರೆ ಹೆಣೆದ ರೀತಿ ಗಮನಿಸಿ. ತಾನೂ 3 ಮಿಲಿಯನ್ ಹಾಕುತ್ತಿದ್ದೇನೆ ಎನ್ನುವುದರಿಂದ ಭಿಕ್ಷೆಯ ವಾಸನೆ ಹೋಯಿತು. ಮಗುವಿನ ಮಾತು ಬಂದಿದ್ದರಿಂದ ತಾಯಿಯೊಬ್ಬಳ ಕರುಳು ಮಿಡಿಯಿತು. ಎದುರಾಳಿ ಮಾಫಿಯಾ ಆದ್ದರಿಂದ "ಪೊಲೀಸರಿಗೆ ಹೇಳು" ಎನ್ನುವಂತಿಲ್ಲ, "ಬ್ಯಾಂಕಿನಿಂದ ಕಳಿಸುತ್ತೇನೆ" ಎನ್ನುವಂತೆಯೂ ಇಲ್ಲ, ನಗದೇ ಬೇಕು. ಗಡಿಬಿಡಿ ಇರುವುದರಿಂದ ಯಾರನ್ನಾದರೂ ಕೇಳಿ ನೋಡಲು ಸಮಯವೂ ಇಲ್ಲ. ಇವತ್ತು ನಮ್ಮಲ್ಲಿ "ಡಿಜಿಟಲ್ ಅರೆಸ್ಟ್" ಮಾಡುವವರು ಫೋನಿನಲ್ಲಿ ನಡೆಸುವುದೂ ಇದೇ ಆಟ. ಭಾವನೆ ಕೆರಳಿಸು, ಗುಟ್ಟು ಕಾಯಿಸು, ಆತುರ ಮಾಡು. ಓದು ಬರಹ ಬಲ್ಲವರು, ಕಂಪನಿ ನಡೆಸುವವರು ಹೇಗೆ ಬೀಳುತ್ತಾರೆ ಎಂದು ನಗುವವರು ಒಂದು ವಿಷಯ ಮರೆಯುತ್ತಾರೆ. ಇಂಥ ಬಲೆಗೆ ಬುದ್ಧಿವಂತರೂ ಬೀಳುತ್ತಾರೆ, ಯಾಕೆಂದರೆ ಅದು ಬುದ್ಧಿಯ ಹತ್ತಿರ ಹೋಗುವುದೇ ಇಲ್ಲ.

2007ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನ ಅದೇ ಹೋಟೆಲಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ 7 ಮಿಲಿಯನ್ ಯೂರೋ ನಗದು ಅವನ ಕೈ ಸೇರಿತು.

ಅಲ್ಲಿಗೆ ನಿಲ್ಲಿಸಿದ್ದರೆ ಅವನು ಬಹುಶಃ ಸಿಕ್ಕಿಬೀಳುತ್ತಿರಲಿಲ್ಲ. ಆಸೆ ಹೆಚ್ಚಾಯಿತು. ಗಂಡನನ್ನು ಬಿಟ್ಟು ಬಾ, ನಮ್ಮ ಮುಂದಿನ ಬದುಕಿಗೆ 290 ಮಿಲಿಯನ್ ಯೂರೋ ಒಂದು ನಿಧಿಯಲ್ಲಿ ಹಾಕು ಎಂದ. ಕ್ಲಾಟನ್‌ಗೆ ಆಗ ಎಚ್ಚರವಾಯಿತು. ಸಂಬಂಧ ಮುರಿದರು. ಅದಾದ ಮೇಲೆಯೇ ವಿಡಿಯೊದ ಮಾತು ಹೊರಬಂತು, 49 ಮಿಲಿಯನ್ ಬೇಡಿಕೆಯೂ ಬಂತು.

ಅದೇ ಸೆಪ್ಟೆಂಬರ್ ಕೊನೆಯಲ್ಲಿ ಜರ್ಮನ್ ಟಿವಿಯಲ್ಲಿ ಕ್ವಾಂಟ್ ಮನೆತನದ ಹಳೆಯ ಚರಿತ್ರೆಯ ಬಗ್ಗೆ ಸಾಕ್ಷ್ಯಚಿತ್ರವೊಂದು ಪ್ರಸಾರವಾಗಿತ್ತು. ನಾಜಿ ಕಾಲದಲ್ಲಿ ಈ ಮನೆತನದ ಕಾರ್ಖಾನೆಗಳಲ್ಲಿ ಬಂದಿಗಳನ್ನು ಬಲವಂತದ ದುಡಿಮೆಗೆ ಹಚ್ಚಿದ್ದನ್ನು ಅದು ತೋರಿಸಿತ್ತು. ಅದಕ್ಕೂ ಸ್ಗಾರ್ಬಿಯ ವಂಚನೆಗೂ ನಂಟು ಕಟ್ಟಬೇಕಾಗಿಲ್ಲ. ಆದರೆ ಕುಟುಂಬದ ಹೆಸರು ಆಗಲೇ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಇನ್ನೊಂದು ಸುದ್ದಿ ಹೊರಬಿದ್ದರೆ ಏನಾದೀತು ಎಂಬ ಒತ್ತಡ ಎಷ್ಟಿತ್ತೆಂದು ಊಹಿಸಬಹುದು.

ವಂಚನೆ ಮುಗಿದು ಸುಲಿಗೆ ಶುರುವಾದದ್ದೆಲ್ಲಿ?

ಇಲ್ಲಿ ಎರಡು ಬೇರೆ ಬೇರೆ ಅಪರಾಧಗಳಿವೆ. ಸುದ್ದಿಯಲ್ಲಿ ಎರಡನ್ನೂ ಕಲಸಿ "ಬ್ಲ್ಯಾಕ್‌ಮೇಲ್" ಎಂದುಬಿಡುತ್ತಾರೆ. ರಟ್ಟಿನ ಪೆಟ್ಟಿಗೆಯ 7 ಮಿಲಿಯನ್ ಬ್ಲ್ಯಾಕ್‌ಮೇಲ್ ಹಣ ಅಲ್ಲ. ಅದನ್ನು ಕ್ಲಾಟನ್ ಕೊಟ್ಟದ್ದು ಸುಳ್ಳನ್ನು ನಂಬಿ. ಅದು ವಂಚನೆ. 49 ಮಿಲಿಯನ್ ಕೇಳಿದ್ದು ಹೆದರಿಸಿ. ಅದು ಸುಲಿಗೆ. ಹಣ ಕೈ ಸೇರದ ಕಾರಣ ಸುಲಿಗೆಯ ಪ್ರಯತ್ನ. ಮ್ಯೂನಿಕ್ ಕೋರ್ಟ್ ಅವನಿಗೆ ಶಿಕ್ಷೆ ಕೊಟ್ಟದ್ದು ಈ ಎರಡಕ್ಕೂ ಸೇರಿಸಿ.

ನಮ್ಮ ಕಾನೂನಿನಲ್ಲೂ ಇದೇ ಗೆರೆ ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಂ, ಸುಲಿಗೆಗೆ 308ನೇ ಕಲಂ. ಹಳೆಯ ದಂಡ ಸಂಹಿತೆಯಲ್ಲಿ 420 ಮತ್ತು 384 ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. 1860ರ ಆ ಸಂಹಿತೆಯಲ್ಲಿ ಸುಲಿಗೆ ಎಂದರೇನು ಎಂದು ವಿವರಿಸಲು ಕೊಟ್ಟ ಮೊಟ್ಟಮೊದಲ ಉದಾಹರಣೆಯೇ ಇದು: ಹಣ ಕೊಡದಿದ್ದರೆ ನಿನ್ನ ಮಾನ ಕಳೆಯುವ ಬರಹ ಪ್ರಕಟಿಸುತ್ತೇನೆ ಎಂದು ಒಬ್ಬ ಇನ್ನೊಬ್ಬನನ್ನು ಹೆದರಿಸಿ ಹಣ ಪಡೆಯುತ್ತಾನೆ. ಚಾಕು ತೋರಿಸುವುದಕ್ಕಿಂತ ಮೊದಲು ಕಾನೂನು ಬರೆದವರಿಗೆ ನೆನಪಾದದ್ದು ಮಾನದ ಭಯ. ಹೊಸ ಸಂಹಿತೆಯಲ್ಲೂ ಆ ಉದಾಹರಣೆ ಹಾಗೇ ಉಳಿದಿದೆ. ಹಳೆಯದರಲ್ಲಿ ಸುಲಿಗೆಗೆ 3 ವರ್ಷದವರೆಗೆ ಜೈಲು ಇತ್ತು. 2024ರ ಜುಲೈ 1ರಿಂದ ಅದು 7 ವರ್ಷದವರೆಗೆ. ಹಣ ಕೈ ಸೇರದಿದ್ದರೂ, ಸುಲಿಗೆಗಾಗಿ ಹೆದರಿಸಿದ್ದೇ ಬೇರೆ ಅಪರಾಧ.

ಬ್ಲ್ಯಾಕ್‌ಮೇಲ್ ಬಗ್ಗೆ ಕಾನೂನು ಪಂಡಿತರು ತಲೆ ಕೆರೆದುಕೊಳ್ಳುವ ಒಂದು ಒಗಟಿದೆ. ನಿಜವಾದ ಸುದ್ದಿಯೊಂದನ್ನು ಬಾಯಿಬಿಡುವುದು ಎಷ್ಟೋ ಸಲ ಅಪರಾಧ ಅಲ್ಲ. ಯಾರನ್ನಾದರೂ ಹಣ ಕೇಳುವುದೂ ಅಪರಾಧ ಅಲ್ಲ. ಎರಡನ್ನೂ ಕೂಡಿಸಿ "ಹಣ ಕೊಡು, ಇಲ್ಲದಿದ್ದರೆ ಬಾಯಿಬಿಡುತ್ತೇನೆ" ಎಂದರೆ ಮಾತ್ರ ಜೈಲು. ಯಾಕೆ?

2009ರಲ್ಲಿ ಅಮೆರಿಕದ ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್‌ಗೆ ಒಬ್ಬ ಟಿವಿ ನಿರ್ಮಾಪಕ 2 ಮಿಲಿಯನ್ ಡಾಲರ್ ಕೇಳಿದ್ದ. ಸಹೋದ್ಯೋಗಿಗಳ ಜೊತೆಗಿನ ಸಂಬಂಧಗಳ ಗುಟ್ಟು ಅವನ ಕೈಯಲ್ಲಿತ್ತು. ಸಿಕ್ಕಿಬಿದ್ದ ಮೇಲೆ ಅವನ ಕಡೆಯ ವಾದವೇ ಈ ಒಗಟನ್ನು ಹಿಡಿದು ನಿಂತಿತು: ಇವನು ಬೆದರಿಸಲಿಲ್ಲ, ಒಂದು ಚಿತ್ರಕತೆ ಮಾರಲು ಹೋಗಿದ್ದ, ಅಷ್ಟೇ. ಕೊನೆಗೆ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ಉತ್ತರ ಇರುವುದು ಆ ಮಾತಿನ ಉದ್ದೇಶದಲ್ಲಿ. ಗುಟ್ಟು ಬಯಲಾದರೆ ಸಮಾಜಕ್ಕೆ ಒಳ್ಳೆಯದು ಎಂದಾದರೆ ಅದನ್ನು ಹೇಳಿಬಿಡಬೇಕು. ಹೇಳದೆ ಇಟ್ಟುಕೊಂಡು ಬೆಲೆ ಕಟ್ಟುವವನಿಗೆ ಬೇಕಿರುವುದು ಸತ್ಯ ಅಲ್ಲ, ಇನ್ನೊಬ್ಬರ ಭಯ. ಕಾನೂನು ತಡೆಯುವುದು ಆ ಭಯದ ವ್ಯಾಪಾರವನ್ನು.

ದುಡ್ಡು ಕೊಟ್ಟರೆ ಸಿಗುವುದೇನು?

ಈಗ ಕ್ಲಾಟನ್ ಜಾಗದಲ್ಲಿ ನಿಂತು ಲೆಕ್ಕ ಹಾಕೋಣ. 14 ಮಿಲಿಯನ್ ಕೊಟ್ಟರು ಎಂದಿಟ್ಟುಕೊಳ್ಳಿ. ಪ್ರತಿಯಾಗಿ ಸಿಗುವುದೇನು? ಒಂದು ಟೇಪು, ಅಥವಾ ಒಂದು ಸಿಡಿ. ಅದರ ಇನ್ನೊಂದು ನಕಲು ಇಲ್ಲ ಎನ್ನಲು ಗ್ಯಾರಂಟಿ ಏನು? ಅವನ ಮಾತು ಮಾತ್ರ. 7 ಮಿಲಿಯನ್ ನುಂಗಿ, ಮಾಫಿಯಾ ಕತೆ ಕಟ್ಟಿದವನ ಮಾತು.

ಇಲ್ಲಿ ಕೊಟ್ಟ ಹಣ ಗುಟ್ಟನ್ನು ಕೊಂಡುಕೊಳ್ಳುವುದಿಲ್ಲ, ಬಾಡಿಗೆಗೆ ಹಿಡಿಯುತ್ತದೆ. ಕರಾರು ಪತ್ರ ಇಲ್ಲದ ಬಾಡಿಗೆ ಅದು, ಮಾಲೀಕ ಮನಸ್ಸು ಬಂದಾಗ ಏರಿಸುತ್ತಾನೆ. ಕರಾರು ಮುರಿದ ಎಂದು ಕೋರ್ಟಿಗೆ ಹೋಗುವಂತಿಲ್ಲ. ಇಷ್ಟು ಸಾಲದು ಎಂಬಂತೆ, ಮೊದಲ ಕಂತು ಕೊಟ್ಟ ಕೂಡಲೇ ಅವನಿಗೆ ಇಲ್ಲದಿದ್ದ ಎರಡು ಮಾಹಿತಿ ಸಿಗುತ್ತವೆ: ಇವರು ಕೊಡುತ್ತಾರೆ, ಮತ್ತು ಇಷ್ಟು ಕೊಡಬಲ್ಲರು. ಅದಕ್ಕೇ ಇಂಥ ಪ್ರಕರಣಗಳಲ್ಲಿ ಎರಡನೇ ಬೇಡಿಕೆ ಅಷ್ಟು ಬೇಗ ಬರುವುದು.

ಇನ್ನು ಅವನ ಕಡೆಯಿಂದ ನೋಡಿ. ಅವನ ಕೈಯಲ್ಲಿರುವ ಬಂಡವಾಳ ಎಷ್ಟು? ಬೆದರಿಕೆ ಜಾರಿಯಾಗದೆ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಬೆಲೆ. ವಿಡಿಯೊವನ್ನು ಪತ್ರಿಕೆಗೆ ಕೊಟ್ಟುಬಿಟ್ಟರೆ ಮರುಕ್ಷಣ ಅವನ ಕೈ ಖಾಲಿ. ಮೇಲಾಗಿ ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಊರಿಗೆಲ್ಲ ಹಂಚಿದಂತೆ. ಸೇಡಿಗಾಗಿ ಹರಿಯಬಿಡುವವರು ಇದ್ದಾರೆ, ಅದು ನಿಜ. ಹಳೆಯ ಪ್ರೇಮಿ, ಜಗಳವಾಡಿ ಬೇರಾದ ಗಂಡ ಇಂಥವರ ಲೆಕ್ಕವೇ ಬೇರೆ. ಆದರೆ ಹಣಕ್ಕಾಗಿಯೇ ಮಾಡುವವನಿಗೆ ಬೆದರಿಕೆ ನಿಜ ಮಾಡುವುದರಲ್ಲಿ ಲಾಭ ಇಲ್ಲ.

49 ಮಿಲಿಯನ್ 14ಕ್ಕೆ ಇಳಿದದ್ದನ್ನು ಇದೇ ಬೆಳಕಿನಲ್ಲಿ ನೋಡಬೇಕು. ಈ ಸರಕಿಗೆ ಜಗತ್ತಿನಲ್ಲಿ ಕೊಳ್ಳುವವರು ಒಬ್ಬರೇ. ಅವರು ಮುಖ ತಿರುಗಿಸಿದರೆ ಅಂಗಡಿ ಬಾಗಿಲು ಮುಚ್ಚಬೇಕು. ಅದಕ್ಕೇ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬೆಲೆ ಇಳಿಸಿದ. ಬಲಿಪಶುವಿಗೆ ಆ ಹೊತ್ತಿನಲ್ಲಿ ಇದು ಕಾಣುವುದಿಲ್ಲ. ಎದುರಿಗಿರುವವನೇ ಬಲಶಾಲಿ ಅನ್ನಿಸುತ್ತಿರುತ್ತದೆ. ತಾನೀಗ ಬಲಿಪಶು, ತಿರುಗಿ ನಿಲ್ಲದೆ ಬೇರೆ ದಾರಿಯಿಲ್ಲ ಎಂಬ ಸ್ಪಷ್ಟತೆ ಒಂದು ಕ್ಷಣದಲ್ಲಿ ಬಂತು ಎಂಬ ಅರ್ಥದ ಮಾತನ್ನು ಕ್ಲಾಟನ್ 2008ರ ಕೊನೆಯಲ್ಲಿ ಜರ್ಮನ್ ಪತ್ರಿಕೆಯೊಂದಕ್ಕೆ ಹೇಳಿದರು. ಆ ಕ್ಷಣದಲ್ಲಿ ನಡೆದದ್ದು ಇಷ್ಟೇ: ಬಯಲಾದರೂ ಸರಿ ಎಂದು ಅವರು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಅವನ ಹತ್ತಿರ ಮಾರಲು ಏನೂ ಉಳಿಯಲಿಲ್ಲ.

ದೂರು ಕೊಟ್ಟ ಮೇಲೆ

ಬಯಲಾಗುವ ಅಪಾಯ ಅಷ್ಟಕ್ಕೇ ಮಾಯವಾಗುತ್ತದೆ ಎಂದಲ್ಲ. 2008ರ ಕೊನೆಯಲ್ಲಿ ಕ್ಲಾಟನ್ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಸ್ಗಾರ್ಬಿಗೆ "ಸ್ವಿಸ್ ಜಿಗೊಲೊ" (ಸಿರಿವಂತ ಹೆಂಗಸರನ್ನು ಒಲಿಸಿ ಅವರ ಹಣದಲ್ಲಿ ಬದುಕುವವನು) ಎಂಬ ಅಡ್ಡಹೆಸರು ಸಿಕ್ಕಿತು, ಆಕೆಗೆ ಸಿಕ್ಕಿದ್ದು ಕುಹಕ. ಇದೇ ಕೆಲಸ ಒಬ್ಬ ಗಂಡಸು ಉದ್ಯಮಿಗೆ ಆಗಿದ್ದರೆ ಎಂಥ ಶೀರ್ಷಿಕೆ ಬರುತ್ತಿತ್ತು? "ಹನಿಟ್ರ್ಯಾಪ್‌ಗೆ ಬಿದ್ದ ಉದ್ಯಮಿ" ಎಂದು ಅರ್ಧ ಮರುಕದಿಂದ ಬರೆಯುತ್ತಿದ್ದರು. ಹೆಣ್ಣಿನ ವಿಷಯ ಬಂದರೆ ಅಪರಾಧಿಗಿಂತ ಹೆಚ್ಚು ಪ್ರಶ್ನೆಗಳು ಆಕೆಯತ್ತಲೇ ಹೋಗುತ್ತವೆ. ಈ ಮಾತು ಮ್ಯೂನಿಕ್‌ಗೂ ಸರಿ, ಮೈಸೂರಿಗೂ ಸರಿ.

ಆದರೆ ಅದೇ 2008ರ ನವೆಂಬರ್‌ನಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಆಲ್ಟಾನದಲ್ಲಿ ಬೇರೆಯವರ ಕೈಯಲ್ಲಿದ್ದ ಷೇರುಗಳನ್ನೆಲ್ಲ ಕೊಳ್ಳುತ್ತೇನೆ ಎಂದು ಕ್ಲಾಟನ್ ತಮ್ಮ ಹೂಡಿಕೆ ಸಂಸ್ಥೆಯ ಮೂಲಕ ಮುಂದೆ ಬಂದರು. ಜಗತ್ತಿನ ಷೇರುಪೇಟೆಗಳು ಕುಸಿದಿದ್ದ ಹೊತ್ತು ಅದು. ಮುಂದೆ ಆ ಕಂಪನಿ ಪೂರ್ತಿ ಅವರದ್ದಾಯಿತು. ಪತ್ರಿಕೆಗಳು ಹೋಟೆಲ್ ಕೋಣೆಯ ಬಗ್ಗೆ ಬರೆಯುತ್ತಿದ್ದಾಗ ಆಕೆ ತಮ್ಮ ಬದುಕಿನ ದೊಡ್ಡ ಖರೀದಿಗಳಲ್ಲೊಂದನ್ನು ಕುದುರಿಸುತ್ತಿದ್ದರು.

ಮೊಕದ್ದಮೆ 2009ರ ಮಾರ್ಚ್ 9ರಂದು ಮ್ಯೂನಿಕ್‌ನಲ್ಲಿ ನಡೆಯಿತು, ಒಂದೇ ದಿನದಲ್ಲಿ ಮುಗಿಯಿತು. ಅಷ್ಟು ಬೇಗ ಹೇಗೆ? ಸ್ಗಾರ್ಬಿ ತಪ್ಪೊಪ್ಪಿಕೊಂಡ. ಒಪ್ಪಿಕೊಂಡರೆ ಶಿಕ್ಷೆ ಸ್ವಲ್ಪ ಕಡಿಮೆಯಾಗುತ್ತದೆ. ಪ್ರತಿಯಾಗಿ ಬಲಿಯಾದವರು ಕಟಕಟೆಗೆ ಬಂದು ಖಾಸಗಿ ವಿವರ ಹೇಳಬೇಕಾದ ಪ್ರಸಂಗ ತಪ್ಪುತ್ತದೆ. ಇಂಥ ಪ್ರಕರಣಗಳಲ್ಲಿ ಆರೋಪಿಯ ಕೈಯಲ್ಲಿ ಉಳಿಯುವ ಕೊನೆಯ ಅಸ್ತ್ರವೇ ಅದು, ಕೋರ್ಟಿನಲ್ಲಿ ಎಲ್ಲ ಹೇಳಿಸುತ್ತೇನೆ ಎನ್ನುವುದು. ಸಾಕ್ಷ್ಯ ಗಟ್ಟಿಯಾಗಿದ್ದರೆ ಅದೂ ಮೊಂಡಾಗುತ್ತದೆ. ಸರ್ಕಾರಿ ವಕೀಲರು 9 ವರ್ಷ ಕೇಳಿದ್ದರು. ಕೋರ್ಟ್ 6 ವರ್ಷ ಕೊಟ್ಟಿತು.

ಅಲ್ಲಿ ಹೊರಬಂದ ಇನ್ನೊಂದು ಸಂಗತಿ ಮುಖ್ಯ. ಬಲಿಯಾದವರು ಕ್ಲಾಟನ್ ಒಬ್ಬರೇ ಅಲ್ಲ, ಒಟ್ಟು ನಾಲ್ವರು ಮಹಿಳೆಯರು. ಅವರಿಂದ ಹೋದ ಹಣ ಸುಮಾರು 9.4 ಮಿಲಿಯನ್ ಯೂರೋ. ಇವರಿಗೂ ಮೊದಲು ಸ್ವಿಟ್ಜರ್ಲೆಂಡಿನಲ್ಲಿ ವಯಸ್ಸಾದ ಶ್ರೀಮಂತ ಮಹಿಳೆಯೊಬ್ಬರ ಹಣದ ವಿಷಯದಲ್ಲೂ ಅವನ ಹೆಸರು ಬಂದಿತ್ತು. ಮರ್ಯಾದೆಗೆ ಅಂಜಿ ಇಂಥವರು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅವನ ದಂಧೆ ನಿಂತಿತ್ತು.

ಅವನ ಹಿಂದೆ ಇನ್ನೊಬ್ಬನಿದ್ದ ಎಂದು ತನಿಖೆ ಹೇಳಿತು. ಇಟಲಿಯ ಅಬ್ರುಜ್ಜೊ ಬೆಟ್ಟಗಳಲ್ಲಿ ಹೋಟೆಲ್ ಇಟ್ಟುಕೊಂಡಿದ್ದ, ಭಕ್ತರ ಗುಂಪನ್ನೂ ಕಟ್ಟಿಕೊಂಡಿದ್ದ ಎರ್ನಾನೊ ಬರೆಟ್ಟ. ಅವನ ಕಡೆ ಬಚ್ಚಿಟ್ಟಿದ್ದ ದೊಡ್ಡ ಮೊತ್ತದ ನಗದು ಸಿಕ್ಕಿತು. ಇಟಲಿಯಲ್ಲಿ ಬೇರೆ ಮೊಕದ್ದಮೆ ನಡೆದು ಅವನಿಗೂ ಜೈಲು ಶಿಕ್ಷೆಯಾಯಿತು. ಉಳಿದ ಹಣ ಎಲ್ಲಿ, ಟೇಪುಗಳು ಎಲ್ಲಿ ಎಂದು ಸ್ಗಾರ್ಬಿ ಕೋರ್ಟಿನಲ್ಲಿ ಬಾಯಿಬಿಡಲಿಲ್ಲ.

ಜರ್ಮನ್ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ಏರ್ಪಾಡಿದೆ. ಕೆಲವೊಮ್ಮೆ ಬೆದರಿಸುವವನ ಕೈಯಲ್ಲಿರುವುದು ಬರೀ ಗುಟ್ಟಲ್ಲ, ಬಲಿಪಶು ಮಾಡಿದ ಕಾನೂನು ತಪ್ಪು. ತೆರಿಗೆ ತಪ್ಪಿಸಿದ್ದೋ, ಸುಳ್ಳು ದಾಖಲೆಯೋ ಇರಬಹುದು. "ಪೊಲೀಸರ ಹತ್ತಿರ ಹೋದರೆ ನೀನೂ ಒಳಗೆ" ಎಂದು ಅವನು ಹೆದರಿಸುತ್ತಾನೆ. ಅಂಥ ಸಂದರ್ಭದಲ್ಲಿ, ತಪ್ಪು ತೀರಾ ಗಂಭೀರವಲ್ಲದಿದ್ದರೆ, ಬಲಿಪಶುವಿನ ಮೇಲೆ ಕೇಸ್ ಹಾಕದೆ ಬಿಡಲು ಅಲ್ಲಿನ ಸರ್ಕಾರಿ ವಕೀಲರಿಗೆ ದಂಡ ಪ್ರಕ್ರಿಯಾ ಸಂಹಿತೆಯ 154ಸಿ ಕಲಂ ಅಧಿಕಾರ ಕೊಟ್ಟಿದೆ. ಬ್ಲ್ಯಾಕ್‌ಮೇಲ್ ಮಾಡುವವನ ಬಂಡವಾಳವನ್ನು ಸರ್ಕಾರವೇ ಕರಗಿಸುವ ಉಪಾಯ ಇದು. ನಮ್ಮಲ್ಲೂ ಇಂಥದ್ದೊಂದು ಇದ್ದರೆ ಎಷ್ಟೋ ಸಣ್ಣ ವ್ಯಾಪಾರಿಗಳು ನಿರಾಳವಾಗಿ ಠಾಣೆ ಮೆಟ್ಟಿಲು ಹತ್ತುತ್ತಿದ್ದರು.

ನಮ್ಮಲ್ಲಾದರೆ?

ಕ್ಲಾಟನ್‌ಗೆ ಒಳ್ಳೆಯ ವಕೀಲರಿದ್ದರು, ಪತ್ರಿಕೆಯವರಿಗೆ ಉತ್ತರ ಕೊಡಲು ವಕ್ತಾರರಿದ್ದರು. ಆಕೆಯನ್ನು ಕೆಲಸದಿಂದ ತೆಗೆಯುವವರು ಯಾರೂ ಇರಲಿಲ್ಲ, ಯಾಕೆಂದರೆ ಕಂಪನಿಯ ಒಡತಿಯೇ ಅವರು. ಹಾವೇರಿಯ ಖಾಸಗಿ ಶಾಲೆಯ ಟೀಚರ್‌ಗೋ, ಹುಬ್ಬಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೆಣ್ಣುಮಗಳಿಗೋ ಈ ಅನುಕೂಲ ಇಲ್ಲ. ವಿಷಯ ಗೊತ್ತಾದರೆ ಕೆಲಸ ಹೋಗಬಹುದು, ಗಿರಾಕಿಗಳು ನಿಲ್ಲಬಹುದು, ಮನೆಯಲ್ಲಿ ರಂಪವಾಗಬಹುದು. "ಧೈರ್ಯವಾಗಿ ದೂರು ಕೊಡಿ" ಎಂದು ಉಪದೇಶ ಮಾಡುವವರು ಇದನ್ನು ನೆನಪಿಡಬೇಕು. ಆದರೂ ಮೇಲಿನ ಲೆಕ್ಕ ಬದಲಾಗುವುದಿಲ್ಲ. ದುಡ್ಡು ಕಡಿಮೆ ಇದ್ದವರಿಗೆ ಕಂತು ಕಟ್ಟುವ ದಾರಿ ಇನ್ನೂ ಬೇಗ ಮುಗಿಯುತ್ತದೆ. ಒಡವೆ ಹೋಗುತ್ತದೆ, ಸಾಲ ಬರುತ್ತದೆ, ವಿಡಿಯೊ ಅವನ ಹತ್ತಿರವೇ ಇರುತ್ತದೆ.

ಹಾಗಾಗಿ ಮೊದಲು ಮಾಡಬೇಕಾದ್ದು ಯಾರಾದರೂ ಒಬ್ಬರಿಗೆ ಹೇಳುವುದು. ಅಕ್ಕ, ಸ್ನೇಹಿತೆ, ವಕೀಲರು, ಯಾರಾದರೂ ಸರಿ. ಬೆದರಿಸುವವನ ಪಟ್ಟಿಯಲ್ಲಿ ಇರುವವರಿಗೇ ನಾವು ಮೊದಲು ಹೇಳಿಬಿಟ್ಟರೆ ಆ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದಂತೆ. ಇದು ಹೇಳುವಷ್ಟು ಸುಲಭ ಅಲ್ಲ, ಎಲ್ಲ ಮನೆಗಳಲ್ಲೂ ಆಗುವಂಥದ್ದೂ ಅಲ್ಲ.

ಗಾಬರಿಯಲ್ಲಿ ಬಹಳ ಜನ ಮಾಡುವುದು ಚಾಟ್ ಅಳಿಸುವುದು, ನಂಬರ್ ಬ್ಲಾಕ್ ಮಾಡಿ ಖಾತೆಯನ್ನೇ ಮುಚ್ಚುವುದು. ನಾಚಿಕೆಯ ವಸ್ತು ಕಣ್ಣೆದುರು ಇರಬಾರದು ಎನ್ನಿಸುವುದು ಸಹಜವೇ. ಆದರೆ ಅಳಿಸಿದ್ದು ನಮ್ಮ ಸಾಕ್ಷಿ, ಅವನ ಸಾಕ್ಷಿ ಅಲ್ಲ. ಬೆದರಿಕೆಯ ಮೆಸೇಜು, ಕರೆ ಬಂದ ನಂಬರು, ಯುಪಿಐ ಐಡಿ, ಖಾತೆಯ ಲಿಂಕು ಎಲ್ಲವನ್ನೂ ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಮೂಲ ಮೆಸೇಜು ಇರುವ ಫೋನನ್ನು ರೀಸೆಟ್ ಮಾಡಬಾರದು, ಮಾರಬಾರದು. ಕೋರ್ಟಿನಲ್ಲಿ ಎಲೆಕ್ಟ್ರಾನಿಕ್ ದಾಖಲೆ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಆ ಕೆಲಸ ಹಗುರ.

ದೂರು ಕೊಡಲು ನಮ್ಮೂರ ಠಾಣೆಗೇ ಹೋಗಬೇಕಾಗಿಲ್ಲ. ಸಣ್ಣ ಊರುಗಳಲ್ಲಿ ಠಾಣೆಯ ಪೇದೆ ಪರಿಚಯದವನೇ ಆಗಿರುತ್ತಾನೆ, ಮುಜುಗರ ಅಲ್ಲೇ ಶುರುವಾಗುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜನ ಇದನ್ನು ಜೀರೊ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಗುಟ್ಟಾಗಿ ವಿಡಿಯೊ ತೆಗೆದದ್ದಾದರೆ ನ್ಯಾಯ ಸಂಹಿತೆಯ 77ನೇ ಕಲಂ ಬರುತ್ತದೆ, ಆಗ ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಐಟಿ ಕಾಯ್ದೆಯ 66ಇ ಕೂಡ ಜೊತೆಗೆ ಸೇರುತ್ತದೆ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗಳು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಯುವುದಕ್ಕೆ ಅಲ್ಲಿ ಗಂಟೆಗಳ ಲೆಕ್ಕ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸಬಹುದು.

ವಿಡಿಯೊ ಹರಿದಾಡೀತು ಎಂಬ ಭಯಕ್ಕೂ ಈಗ ಸ್ವಲ್ಪ ಮದ್ದಿದೆ. 2021ರ ಕೊನೆಯಲ್ಲಿ ಬ್ರಿಟನ್ನಿನ ಸಹಾಯವಾಣಿಯೊಂದು ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೌಲಭ್ಯ ಶುರುಮಾಡಿತು. ನಮ್ಮ ಫೋನಿನಲ್ಲಿರುವ ಚಿತ್ರ ಅಥವಾ ವಿಡಿಯೊದಿಂದ ಅದು ಒಂದು ಅಂಕಿಗುರುತು ತಯಾರಿಸುತ್ತದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ, ಆ ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಅದೇ ಚಿತ್ರವನ್ನು ಯಾರಾದರೂ ಹಾಕಲು ಹೋದರೆ ಗುರುತು ಹೊಂದಿ ತಡೆಯಾಗುತ್ತದೆ. 18 ವರ್ಷ ದಾಟಿದವರಿಗೆ ಇದು. ಎಲ್ಲ ಜಾಲತಾಣಗಳೂ ಇದರಲ್ಲಿ ಇಲ್ಲ, ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಇದು ಹಿಡಿಯಲಾರದು. ನಮ್ಮ ಐಟಿ ನಿಯಮಗಳ ಪ್ರಕಾರವೂ ಖಾಸಗಿ ದೃಶ್ಯದ ಬಗ್ಗೆ ದೂರು ಬಂದರೆ ಜಾಲತಾಣದವರು ಬೇಗನೆ ತೆಗೆಯಲೇಬೇಕು.

ಈಗಿನ ಕಾಲದಲ್ಲಿ ಬೆದರಿಸುವವನಿಗೆ ನಿಜವಾದ ವಿಡಿಯೊ ಬೇಕಾಗಿಯೂ ಇಲ್ಲ. ವಾಟ್ಸಾಪ್ ಡಿಪಿಯ ಒಂದು ಫೋಟೊ ಸಿಕ್ಕರೆ ಬೇರೆ ಯಾರದೋ ದೇಹಕ್ಕೆ ಆ ಮುಖ ಅಂಟಿಸಿ ಕಳಿಸುತ್ತಾರೆ. ಸಾಲ ಕೊಡುವ ಕೆಲವು ಆ್ಯಪ್‌ಗಳ ವಸೂಲಿಗಾರರು ಮಾಡುತ್ತಿದ್ದದ್ದೂ ಇದನ್ನೇ. ಠಾಣೆಯಲ್ಲಿ ಇಂಥವರು "ಅದು ನಾನಲ್ಲ" ಎಂದು ಸಾಬೀತು ಮಾಡಲು ಒದ್ದಾಡಬೇಕಾಗಿಲ್ಲ. 1860ರ ಆ ಉದಾಹರಣೆ ಗುಟ್ಟು ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ಹೆದರಿಸಿದನೇ, ಹಣಕ್ಕಾಗಿ ಹೆದರಿಸಿದನೇ, ಇಷ್ಟನ್ನೇ ಕೇಳುತ್ತದೆ. ದೂರು ಬರೆಯುವಾಗಲೂ ವಿಡಿಯೊದಲ್ಲಿ ಏನಿದೆ ಎಂದು ಪುಟಗಟ್ಟಲೆ ವಿವರಿಸುವ ಬದಲು ಯಾವ ದಿನ, ಯಾವ ನಂಬರಿನಿಂದ, ಯಾವ ಮಾತಿನಲ್ಲಿ, ಎಷ್ಟು ಹಣ ಕೇಳಿದ ಎಂಬುದನ್ನು ಮೊದಲು ಬರೆಯಿರಿ.